ನಾಕು ತಂತಿ, ಆರು ಗುಂಡಿ

ಶಿರಾಳಕೊಪ್ಪದಲ್ಲಿ ಬೇಸ್ ಅಂದರೇನು ಅಂತ ಯಾರಿಗೂ ಪಾಠ ಹೇಳಬೇಕಾಗಿಲ್ಲ. ದೀಪಾವಳಿ ಮುಗಿದು ಹೋರಿ ಹಬ್ಬ ಶುರುವಾಯಿತೆಂದರೆ ಕೊಬ್ಬರಿ ಹಾರ, ಬಲೂನು ಕಟ್ಟಿಸಿಕೊಂಡ ಹೋರಿಗಳ ಹಿಂದೆ ಟ್ರ್ಯಾಕ್ಟರ್ ಮೇಲೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು ಬರುತ್ತವೆ. ಹಾಡು ಯಾವುದೆಂದು ಕಿವಿಗೆ ತಿಳಿಯುವ ಮೊದಲೇ ಹೊಟ್ಟೆಗೆ ತಿಳಿದಿರುತ್ತದೆ. ನಮ್ಮೂರಿನ ಪ್ರತಿ ಹುಡುಗನೂ ಈ ವಿಷಯದಲ್ಲಿ ಪಂಡಿತ. ಪಾಂಡಿತ್ಯದ ಸಾರವೆಲ್ಲ ಒಂದೇ ಮಾತಿನಲ್ಲಿದೆ: "ಇನ್ನೂ ಸ್ವಲ್ಪ ಜಾಸ್ತಿ ಮಾಡಣ್ಣ."

ಆದರೆ ಅದಕ್ಕೆಂದೇ ಒಂದು ಗಿಟಾರ್ ಇದೆ, ಅದನ್ನು ನುಡಿಸಲು ಊಟ ತಿಂಡಿ ಮಾಡುವ ಒಬ್ಬ ಮನುಷ್ಯ ಬೇಕು ಎಂದರೆ ಮಾತ್ರ ಯಾರೂ ನಂಬುವುದಿಲ್ಲ. ಗಣಪತಿ ಹಬ್ಬಕ್ಕೋ ಜಾತ್ರೆಗೋ ನಮ್ಮ ರಸಮಂಜರಿ ತಂಡ ಹೋದಲ್ಲೆಲ್ಲ ಜನ ಮೊದಲು ಎಣಿಸುವುದು ನನ್ನ ತಂತಿಗಳನ್ನು. ನಾಲ್ಕೇ ಇವೆ. ಪಕ್ಕದವನ ಗಿಟಾರಿಗೆ ಆರು. "ಎರಡು ತಂತಿ ಕಡಿಮೆ ಐತಲ್ರೀ, ರೇಟೂ ನೋಡಿ ಹೇಳ್ರಿ" ಎಂದ ಖಜಾಂಚಿಗಳುಂಟು. ನಾಕು ತಂತಿಗೆ ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠವೇ ಬಂತಲ್ಲ ಸ್ವಾಮಿ ಅಂತ ನಾನು ವಾದಿಸಿದ್ದೇನೆ. "ಅವರು ಆಂಪ್ಲಿಫೈಯರ್ ಬಾಡಿಗೆ ಕೇಳಿರಲಿಲ್ಲ" ಎಂಬ ಉತ್ತರ ಬಂತು.

ಆ ಉತ್ತರದಲ್ಲಿ ಸತ್ಯವಿತ್ತು. ಬಹಳ ಕಾಲ ನಾನು ಕೀಬೋರ್ಡಿನವರ ಆಂಪ್ಲಿಫೈಯರ್ ಪೆಟ್ಟಿಗೆಯಲ್ಲೇ ಒಂದು ತೂತು ಬೇಡಿಕೊಂಡು ನುಡಿಸುತ್ತಿದ್ದೆ. ಅವರು ದಾಕ್ಷಿಣ್ಯದವರು. ಆದರೂ ಈಗಿನ ಕೀಬೋರ್ಡುಗಳಲ್ಲಿ ಎಡಗೈಗೇ ಬೇಸ್ ಸಿಗುತ್ತದೆ, ಅದೂ ಸಾಲದಿದ್ದರೆ ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಇದೆ. ಮನಸ್ಸು ಮಾಡಿದರೆ ಅವರ ಐದು ಬೆರಳು ನನ್ನನ್ನು ಮನೆಗೆ ಕಳಿಸಬಲ್ಲವು. ಸ್ವಂತ ಪೆಟ್ಟಿಗೆಯಿದ್ದವನನ್ನು ಅಷ್ಟು ಸುಲಭಕ್ಕೆ ಇಳಿಸಲಾಗದು ಎಂದು ಲೆಕ್ಕ ಹಾಕಿ ಆಂಪ್ಲಿಫೈಯರ್ ಕೊಳ್ಳಲು ಹೊರಟೆ.

"ಎಷ್ಟು ವ್ಯಾಟು?" ಎಂದರು ದೊಡ್ಡಪ್ಪ. ತೋಟಕ್ಕೆ ಪಂಪ್‌ಸೆಟ್ ತಂದವರು. 3 ಎಚ್‌ಪಿಗಿಂತ 5 ಎಚ್‌ಪಿ ಮೇಲು ಎಂಬಲ್ಲಿಗೆ ಅವರ ವಿದ್ಯುತ್ ಶಾಸ್ತ್ರ ಮುಗಿಯುತ್ತದೆ. ಶಬ್ದದ ಲೆಕ್ಕ ಹಾಗಲ್ಲ. 100 ವ್ಯಾಟನ್ನು 200 ಮಾಡಿದರೆ ಸಿಗುವುದು 3 ಡೆಸಿಬೆಲ್. ಕಿವಿಗೆ "ಏನೋ ತುಸು ಜಾಸ್ತಿಯಾಯ್ತು" ಅನ್ನಿಸುವಷ್ಟು. ನಿಜವಾಗಿ ಎರಡರಷ್ಟು ಜೋರು ಕೇಳಬೇಕಾದರೆ ವ್ಯಾಟು ಸುಮಾರು ಹತ್ತು ಪಟ್ಟು ಬೇಕು. ಸಾಲದ್ದಕ್ಕೆ ನಮ್ಮ ಕಿವಿಗೂ ಪಕ್ಷಪಾತವಿದೆ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಅಳೆದು ತೋರಿಸಿದರು: ಮಗು ಅಳುವ ಆಸುಪಾಸಿನ ಸ್ವರಗಳು ಸಣ್ಣಗಿದ್ದರೂ ಕೇಳುತ್ತವೆ, ತಳದ ಸ್ವರಗಳಿಗೆ ಮಾತ್ರ ಬಹಳ ಬಲ ಹಾಕಿ ನೂಕಬೇಕು. ಗಿಟಾರಿನವನು 30 ವ್ಯಾಟಿನಲ್ಲಿ ಮೆರೆಯುವಾಗ ಅವನ ಪಕ್ಕದ ಬೇಸಿನವನಿಗೆ 300 ಬೇಕಾಗುವುದು ಇದಕ್ಕೇ. ಇದನ್ನೆಲ್ಲ ಹೇಳಿದ ಮೇಲೆ ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರೆ ಐದು ಎಚ್‌ಪಿದೇ ತಗೋ" ಎಂದರು.

ಹುಬ್ಬಳ್ಳಿಯ ಅಂಗಡಿಯ ಹುಡುಗ ಬೇಸ್ ಗುಂಡಿ ಪೂರ್ತಿ ಏರಿಸಿ, ಟ್ರೆಬಲ್ಲೂ ಏರಿಸಿ, ನಡುವಿನ ಮಿಡ್ ಗುಂಡಿಗಳನ್ನು ಪಾತಾಳಕ್ಕೆ ಇಳಿಸಿ ನುಡಿಸಿದ. ಅದ್ಭುತ! ಕೆಳಗೆ ಗುಡುಗು, ಮೇಲೆ ಗೆಜ್ಜೆ. ಅಂಗಡಿಯಲ್ಲಿ ಎಲ್ಲ ಪೆಟ್ಟಿಗೆಗಳೂ ಹೀಗೇ ಕೇಳಬೇಕೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಒಬ್ಬನೇ ನುಡಿಸುವವನಿಗೆ ಅದು ಸರಿ. ವೇದಿಕೆಯಲ್ಲಿ ಡ್ರಮ್ಮು, ರಿದಂ ಪ್ಯಾಡು, ಕೀಬೋರ್ಡು ಸೇರಿದ ಕೂಡಲೇ ಗುಡುಗನ್ನು ಡ್ರಮ್ಮು ನುಂಗುತ್ತದೆ, ಗೆಜ್ಜೆಯನ್ನು ಸಿಂಬಲ್ ನುಂಗುತ್ತದೆ, ನಡುವೆ ಸ್ವರ ಯಾವುದೆಂದು ಹೇಳಬೇಕಾದ ಜಾಗ ಖಾಲಿ. ಬೇಸ್ ಕೇಳಿಸುವುದು ಮಿಡ್‌ನಿಂದ. ಇದನ್ನು ಯಾರಿಗೆ ಹೇಳಿದರೂ ನನ್ನ ಹಣೆ ಮುಟ್ಟಿ ನೋಡುತ್ತಾರೆ. ಆದರೆ ಇದಕ್ಕೆ ಸಾಕ್ಷಿ ದೇವಸ್ಥಾನದ ಗೋಪುರದ ಮೇಲೇ ಇದೆ. ಅಲ್ಲಿನ ಹಾರ್ನಿನಲ್ಲಿ ತಳದ ಸ್ವರಗಳು ಹೊರಗೇ ಬರುವುದಿಲ್ಲ, ಆದರೂ ಭಕ್ತಿಗೀತೆಯ ಬೇಸ್ ನಡೆ ಯಾವುದೆಂದು ಗೊತ್ತಾಗುತ್ತದೆ. ಮೇಲಿನ ಅನುಸ್ವರಗಳನ್ನು ಕೇಳಿ ಇಲ್ಲದ ತಳವನ್ನು ಮಿದುಳೇ ಕಟ್ಟಿಕೊಳ್ಳುತ್ತದೆ.

ಅಂಗಡಿಯ ಇನ್ನೊಂದು ಮೂಲೆಯ ಗೋಡೆಯ ಮೇಲೆ ಆಂಪೆಗ್ ಕಂಪನಿಯ ಎಸ್‌ವಿಟಿಯ ಚಿತ್ರವಿತ್ತು. 1969ರ ಮಾಡೆಲ್, 300 ವ್ಯಾಟು, ಹತ್ತಿಂಚಿನ ಎಂಟು ಸ್ಪೀಕರು. ಮೇಲಿನ ಆಂಪ್ಲಿಫೈಯರ್ 'ತಲೆ'ಯೊಂದೇ 35 ಕಿಲೋಗೂ ಹೆಚ್ಚು. ಸ್ಪೀಕರ್ ಪೆಟ್ಟಿಗೆಗೆ ಪ್ರಪಂಚದ ಬೇಸ್‌ಗಾರರೆಲ್ಲ ಇಟ್ಟ ಅಡ್ಡಹೆಸರು 'ಫ್ರಿಜ್ಜು'. ಕೈಮುಗಿದು, ಹನ್ನೆರಡಿಂಚಿನ ಒಂದೇ ಸ್ಪೀಕರಿನ 100 ವ್ಯಾಟಿನ ಪೆಟ್ಟಿಗೆ ತೆಗೆದುಕೊಂಡೆ. ಬಸ್ಸಿನಲ್ಲಿ ಕಂಡಕ್ಟರು ಅದಕ್ಕೂ "ಏನ್ರೀ ಇದು, ಫ್ರಿಜ್ಜಾ?" ಎಂದು ಕೇಳಿ ಲಗೇಜು ಹರಿದರು. ನನಗೆ ಹೆಮ್ಮೆಯಾಯಿತು.

ಬೇಸ್‌ಗಾರರ ಪೆಟ್ಟಿಗೆಗಳ ಚರಿತ್ರೆಯೇ ಅಷ್ಟೊಂದು ಹೆಮ್ಮೆಯದ್ದಲ್ಲ, ಅದಕ್ಕೇ ಸಿಕ್ಕಿದ್ದನ್ನು ಬಿಡಬಾರದು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಗಿಟಾರ್ ಮಾಡಿದ, ಮರುವರ್ಷ ಅದಕ್ಕೆಂದೇ ಬೇಸ್‌ಮನ್ ಎಂಬ ಆಂಪ್ಲಿಫೈಯರ್ ಮಾಡಿದ. ಆತ ರೇಡಿಯೋ ರಿಪೇರಿಯವನು. ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವನ ಬೇಸ್‌ಮನ್ನಿಗೆ ತಮ್ಮ ಗಿಟಾರ್ ಸಿಕ್ಕಿಸಿ ನೋಡಿದ ಆರು ತಂತಿಯವರು ಆಮೇಲೆ ಬಿಟ್ಟುಕೊಡಲೇ ಇಲ್ಲ. ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವರು ಅದನ್ನೇ ಬಿಚ್ಚಿ ನೋಡಿ ತಮ್ಮ ಮೊದಲ ಆಂಪ್ಲಿಫೈಯರ್ ಕಟ್ಟಿ ಲೋಕಪ್ರಸಿದ್ಧರಾದರು. ಗೆದ್ದಲು ಕಟ್ಟಿದ ಹುತ್ತ, ಹಾವಿಗೆ ಮನೆ.

ಮನೆಗೆ ತಂದು ಮೂಲೆಯಲ್ಲಿಟ್ಟೆ. ಆರು ಗುಂಡಿ: ಗೇನ್, ಬೇಸ್, ಎರಡು ಮಿಡ್, ಟ್ರೆಬಲ್, ಮಾಸ್ಟರ್. ಸ್ವರದ ನಾಲ್ಕನ್ನೂ ಗಡಿಯಾರದ ಹನ್ನೆರಡು ಗಂಟೆಗೆ ನಿಲ್ಲಿಸಿ, ಎಷ್ಟು ಬಿಗಿಯಾಗಿ ಮೀಟುತ್ತೇನೋ ಅಷ್ಟೂ ಮೀಟಿ, ಕೆಂಪು ದೀಪ ಮಿಣಕ್ಕೆಂದ ಕೂಡಲೇ ಗೇನ್ ಒಂದಿಷ್ಟು ಇಳಿಸಿ ಶುರುಮಾಡುವುದು ಕ್ರಮ. ಹಾಗೇ ಮಾಡಿದೆ. ದಪ್ಪ ತಂತಿಯ ಇ ಸ್ವರ 41 ಹರ್ಟ್ಜ್. ಅದರ ಒಂದು ಅಲೆಯ ಉದ್ದ 27 ಅಡಿ. ನಮ್ಮ ನಡುಮನೆ ಅಷ್ಟಿಲ್ಲ. ಅಲೆಗೆ ಕಾಲು ಚಾಚಲು ಜಾಗ ಸಾಲದೆ ಅಡುಗೆಮನೆಗೆ ನುಗ್ಗಿತು. ಎ ಮೀಟಿದರೆ ಗೂಡಿನ ಸ್ಟೀಲ್ ತಟ್ಟೆಗಳು, ಸಿ ಮೀಟಿದರೆ ಕಿಟಕಿಯ ಗಾಜು, ಡಿಗೆ ಅಟ್ಟದ ಮೇಲಿನ ಹಿತ್ತಾಳೆ ಕೊಳಗದ ಮುಚ್ಚಳ. ಒಂದೊಂದು ಸ್ವರಕ್ಕೂ ಮನೆಯಲ್ಲೊಂದು ಪಾತ್ರೆ ನೇಮಕವಾಗಿತ್ತು.

ನಾನು ಬೇಸ್ ಇಳಿಸಿದೆ, ಮಿಡ್ ತಿರುವಿದೆ, ಮುಚ್ಚಳ ಬಿಡಲಿಲ್ಲ. ಅಮ್ಮ ಬಂದು, "ಮೊದಲು ಆ ಮೂಲೆಯಿಂದ ಎತ್ತೋ, ಅಕ್ಕಿ ಡ್ರಮ್ಮಿನ ಜಾಗ ಅದು" ಎಂದರು. ಎತ್ತಿ ಎರಡು ಅಡಿ ಮುಂದಿಟ್ಟೆ, ಮುಚ್ಚಳ ಸುಮ್ಮನಾಯಿತು. ಗೋಡೆ, ಮೂಲೆ, ನೆಲ ಮೂರೂ ಸೇರಿದ ಕಡೆ ತಳದ ಸ್ವರ ತಾನಾಗಿ ಉಬ್ಬುತ್ತದೆ ಎಂದು ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ಅಮ್ಮ ಅಕ್ಕಿಯ ಮುಖಾಂತರ ಅಲ್ಲಿಗೆ ತಲುಪಿದ್ದರು.

ಉಳಿದದ್ದು ಒಂದು ಗುಂಯ್ ಶಬ್ದ. ನಮ್ಮ ಕರೆಂಟು 50 ಹರ್ಟ್ಜಿನದು. ಬೇಸ್ ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49. ಅಂದರೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ತಂತಿಗಳೆಲ್ಲ ಹಗಲೂ ರಾತ್ರಿ ಜಿ ಹಾಡುತ್ತಿವೆ, ಶ್ರುತಿ ಮಾತ್ರ ಒಂದು ಎಳೆ ಮೇಲೆ. ಇದರ ಮದ್ದು ಮೈಕ್‌ಸೆಟ್ಟಿನ ಅಣ್ಣನಿಗೆ ಗೊತ್ತಿತ್ತು. ಬಂದವನು ಪೆಟ್ಟಿಗೆಯ ಕಡೆ ನೋಡಲೂ ಇಲ್ಲ. ಹಿತ್ತಿಲಿಗೆ ಹೋಗಿ ಒಣಗಿ ಬಿರಿದಿದ್ದ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಸುರಿದು ಎರಡು ಕೊಡ ನೀರು ಹೊಯ್ದ. ಜಿ ಅರ್ಧಕ್ಕರ್ಧ ಇಳಿಯಿತು.

ಈ ಕಡೆ ಮಣ್ಣಿಗೆ ತಳದ ನಾದವೇನೂ ಹೊಸದಲ್ಲ. ಬಳ್ಳಿಗಾವಿ ನಮಗೆ ಕೂಗಳತೆ. ಹರಿಹರನ ರಗಳೆಯನ್ನು ನಂಬುವುದಾದರೆ ಅಲ್ಲಮ ಅಲ್ಲಿಯ ದೇವಾಲಯದಲ್ಲಿ ಮದ್ದಳೆ ಬಾರಿಸುತ್ತಿದ್ದವನು. ಕಾಮಲತೆ ಕುಣಿದದ್ದು ಆ ಮದ್ದಳೆಗೆ. ಆಗಿನ ಮದ್ದಳೆಯ ಹದ ಹೇಗಿತ್ತೋ, ಈಗಿನ ಮೃದಂಗದವರು ಎಡ ಮುಖಕ್ಕೆ ರವೆ ಕಲಸಿ ಮೆತ್ತುವುದನ್ನು ಹತ್ತಿರ ಕೂತು ನೋಡಿದ್ದೇನೆ. ಒಂದಿಷ್ಟು ಮೆತ್ತಿ ತಟ್ಟುತ್ತಾರೆ, ತಲೆಯಾಡಿಸಿ ಚಿಟಿಕೆಯಷ್ಟು ಕೆರೆದು ತೆಗೆಯುತ್ತಾರೆ, ಮತ್ತೆ ತಟ್ಟುತ್ತಾರೆ. ಮೆತ್ತಿದಷ್ಟೂ ನಾದ ಕೆಳಗಿಳಿಯುತ್ತದೆ, ಹೆಚ್ಚಾದರೆ ಮಂಕಾಗುತ್ತದೆ. ಕೆರೆಯಲು ಕಲಿತವನೇ ವಿದ್ವಾಂಸ. ನನ್ನ ಗುಂಡಿಗಳಿಗೂ ಅದೇ ನ್ಯಾಯ, ಏರಿಸುವುದಕ್ಕಿಂತ ಇಳಿಸುವುದರಲ್ಲೇ ಸ್ವರ ಸಿಗುತ್ತದೆ. ಮಿಕ್ಕ ರವೆಗೆ ಉಪ್ಪಿಟ್ಟಿನ ದಾರಿಯಾದರೂ ಇದೆ.

ಗಣಪತಿ ಪೆಂಡಾಲಿನಲ್ಲಿ ಈ ವಿದ್ಯೆಯೆಲ್ಲ ತಲೆಕೆಳಗು. ಬಯಲಿನಲ್ಲಿ ಗೋಡೆಯಿಲ್ಲ, ಮೂಲೆಯಿಲ್ಲ, ಹಾಗಾಗಿ ತಳದ ಸ್ವರ ಸೊರಬದ ಕಡೆ ಹೊರಟುಹೋಗುತ್ತದೆ. ಡ್ರಮ್ಮುಗಳ ಮೇಲೆ ಹಲಗೆ ಹಾಸಿದ ವೇದಿಕೆ ಮಾತ್ರ ಒಳಗೆ ಪೊಳ್ಳು. ನನ್ನ ಪೆಟ್ಟಿಗೆ ಇಟ್ಟೊಡನೆ ಹಲಗೆಯೇ ಹಾಡಲು ಶುರು. ಮೆಕ್ಕೆಜೋಳದ ಖಾಲಿ ಗೋಣಿಚೀಲಗಳನ್ನು ಮಡಿಸಿ ಕೆಳಗೆ ಹಾಕಿ, ಪೆಟ್ಟಿಗೆಯನ್ನು ಕುರ್ಚಿಯ ಮೇಲೇರಿಸಿದೆ. ಕೆಳಗಿದ್ದರೆ ಅದು ಹಾಡುವುದು ನನ್ನ ಮೊಣಕಾಲಿಗೆ.

ಮೈಕ್‌ಸೆಟ್ಟಿನ ಅಣ್ಣ ಪೆಟ್ಟಿಗೆಯ ಬೆನ್ನಿಗೆ ಒಂದು ವೈರು ಚುಚ್ಚಿ ತನ್ನ ಮಿಕ್ಸರಿಗೆ ಎಳೆದುಕೊಂಡ. "ಇನ್ನು ನಿನ್ನ ಮಾಸ್ಟರ್ ಗುಂಡಿ ನಿನ್ನ ಕಿವಿಗೆ ಮಾತ್ರ, ಊರಿನ ಕಿವಿ ನನ್ನ ಹತ್ರ ಐತಿ" ಎಂದು ವೇದಿಕೆಯ ಎರಡೂ ಬದಿ ನಿಂತಿದ್ದ ಆಳೆತ್ತರದ ಸಬ್‌ವೂಫರುಗಳನ್ನು ತೋರಿಸಿದ.

ಸ್ವಾಗತ, ಸನ್ಮಾನ, ಮುಖ್ಯ ಅತಿಥಿಗಳ ನಾಲ್ಕು ಮಾತು (ನಾಕು ತಂತಿಗಿಂತ ಉದ್ದ) ಮುಗಿದು ನಮ್ಮ ಕೈಗೆ ವೇದಿಕೆ ಬಂದಾಗ ಒಂಬತ್ತು ದಾಟಿತ್ತು. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ 2000ದಿಂದಲೂ ಇದೆ. ಹುಡುಗರು ಕುಣಿಯತೊಡಗಿದರು, "ಬೇಸ್ ಬಿಡಣ್ಣ" ಎಂದರು, ಅಣ್ಣ ಬಿಟ್ಟ. ಹತ್ತಕ್ಕೆ ಇನ್ನೂ ಹತ್ತು ನಿಮಿಷ ಇದೆ ಎನ್ನುವಾಗ ಪೊಲೀಸರೊಬ್ಬರು ವೇದಿಕೆ ಹತ್ತಿ ಸೀದಾ ನನ್ನ ಬಳಿ ಬಂದರು. ಪಕ್ಕದ ಬೀದಿಯ ಕಿಟಕಿಗಳು ನಡುಗುತ್ತಿವೆಯಂತೆ. ಕುರ್ಚಿಯ ಮೇಲಿನ ನನ್ನ ಪೆಟ್ಟಿಗೆಗೆ ಲಾಠಿ ತೋರಿಸಿ, "ಇದೇ ಅಲ್ವೇನ್ರೀ ಬೇಸು? ಇಳಿಸ್ರಿ ಇದನ್ನ" ಎಂದರು. ಮಾಸ್ಟರ್ ಗುಂಡಿಯನ್ನು ಸೊನ್ನೆಗೆ ತಂದೆ. ಸಬ್‌ವೂಫರುಗಳು ಮೊದಲಿನಂತೆಯೇ ಗುದ್ದುತ್ತಿದ್ದವು. ಅವರು ಒಂದು ಕ್ಷಣ ಕಿವಿಗೊಟ್ಟು ಕೇಳಿ, ಸಮಾಧಾನದಿಂದ ಟೋಪಿ ಸರಿಮಾಡಿಕೊಂಡರು.

"ನೋಡ್ರಿ, ಮೊದಲೇ ಹಿಂಗಿಟ್ಟಿದ್ರೆ ನಾ ಯಾಕೆ ಮೇಲೆ ಬರ್ತಿದ್ದೆ?"