ಹಿತ್ತಲಿನ ನಾಲ್ಕು ಗಿಡ

ಕೆನಡಾದ ಟೊರಾಂಟೊ ಪಕ್ಕದ ಬ್ರಾಂಪ್ಟನ್. ಮಗನ ಮನೆಗೆ ಬಂದಿರುವ ಮಂಡ್ಯದ ರೈತರು ಹಿತ್ತಲಲ್ಲಿ ಕಣ್ಣರಳಿಸಿ ನಿಂತಿದ್ದಾರೆ.

"ಇದೇನ್ಲಾ, ಗಾಂಜಾ! ಪೊಲೀಸ್ನೋರು?"

"ಇಲ್ಲಿ 2018ರ ಅಕ್ಟೋಬರ್ 17ರಿಂದ ಕಾನೂನೇ ಬಿಟ್ಟೈತಪ್ಪ. ನಾಲ್ಕು ಗಿಡ ಬೆಳೀಬೌದು."

"ತಲೆಗಾ?"

"ಮನೆಗೆ. ಹತ್ತು ಜನ ಇದ್ರೂ ನಾಲ್ಕೇ."

"ಕೂಡು ಕುಟುಂಬಕ್ಕೆ ಅನ್ಯಾಯ ಕಣ್ಲಾ! ಬೀಜ?"

"ಸರ್ಕಾರದ ಅಂಗಡೀಲೇ ಸಿಕ್ತದೆ."

(ರಾಗಿ ಬೀಜಕ್ಕೆ ಕ್ಯೂ ನಿಂತ ಮುಖದಲ್ಲಿ ಅಸೂಯೆ.)

"ಪಕ್ಕದ ಕ್ವಿಬೆಕ್‌ನಲ್ಲಿ ಒಂದೂ ಬೆಳೆಯಂಗಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟೂ ಅದು ಸರಿ ಅಂತು."

"ಓಹೋ, ಇಲ್ಲೂ ಪಕ್ಕದ ರಾಜ್ಯದ ತಕರಾರು! ನಮ್ಮಲ್ಲಿ ಬೆಳೆದ್ರೆ ಹತ್ತು ವರ್ಷದವರೆಗೂ ಜೈಲು, ಲಕ್ಷದವರೆಗೂ ದಂಡ. ಇರ್ಲಿ, ಗೊಬ್ಬರಕ್ಕೆ ಸಬ್ಸಿಡಿ?"

"ಇಲ್ಲ."

"ಸಾಲ ಮನ್ನಾ?"

"ಅದೂ ಇಲ್ಲ."

"ಹಂಗಾದ್ರೆ ಇದು ಬೇಸಾಯ ಅಲ್ಲ ಬಿಡ್ಲಾ, ಶೋಕಿ."