ಒಣಪಾದ ಮೀಮಾಂಸೆ: ರಾಯದುರ್ಗ ಮತ್ತು ಮಡಕಶಿರಾ ಪಂಥಗಳ ತೌಲನಿಕ ಅಧ್ಯಯನ

ಮಳೆಯಲ್ಲಿ ಗುಡ್ಡಗಾಡು ಸೈಕಲ್ ತುಳಿಯುವವನ ಕಾಲು ಒಣಗಿರಲು ಸಾಧ್ಯವೇ ಎಂಬುದು ಈ ಪ್ರಬಂಧದ ವಿಷಯ. ಕ್ಷೇತ್ರಕಾರ್ಯಕ್ಕೆ ರಾಯದುರ್ಗ, ಮಡಕಶಿರಾ ಎಂದು ಬರೆದುಕೊಂಡು ಹೋದಾಗ ಮಾರ್ಗದರ್ಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕ ಒದ್ದೆಯಾಗಿರಲಿಲ್ಲ. ಅನಂತಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 550 ಮಿಲಿಮೀಟರಿನ ಆಸುಪಾಸು. ಮುಂಗಾರನ್ನು ಪಶ್ಚಿಮ ಘಟ್ಟ ಅಲ್ಲೇ ಹಿಂಡಿಕೊಂಡುಬಿಡುತ್ತದೆ. ಹಿಂಗಾರು ಪೂರ್ವ ಕರಾವಳಿಯಿಂದ ಇಷ್ಟು ದೂರ ನಡೆದು ಬರುವಷ್ಟರಲ್ಲಿ ಏದುಸಿರು ಬಿಡುತ್ತಿರುತ್ತದೆ. “ಆಗುಂಬೆಗೆ ಹೋಗಯ್ಯಾ” ಎಂದರು ಗುರುಗಳು. ಆಗುಂಬೆಯಲ್ಲಿ ಏಳು ಸಾವಿರ ಮಿಲಿಮೀಟರ್ ಸುರಿಯುತ್ತದೆ, ನಿಜ. ಆದರೆ ಅಲ್ಲಿ ಕಾಲು ಒದ್ದೆಯಾಗುವುದು ಸ್ವಭಾವ. ಸ್ವಭಾವದ ಮೇಲೆ ಯಾರೂ ಪ್ರಬಂಧ ಬರೆಯುವುದಿಲ್ಲ. ರಾಯದುರ್ಗದಲ್ಲಿ ಅದು ಘಟನೆ. ಊರವರು ವರ್ಷಗಟ್ಟಲೆ ನೆನೆಯುತ್ತಾರೆ. ‘ನೆನೆ’ ಎಂಬ ಒಂದೇ ಕ್ರಿಯಾಪದಕ್ಕೆ ಒದ್ದೆಯಾಗು ಎಂಬ ಅರ್ಥವೂ ಜ್ಞಾಪಿಸಿಕೊ ಎಂಬ ಅರ್ಥವೂ ಇರುವುದು ಈ ಸೀಮೆಯ ಕೊಡುಗೆಯೇ ಇರಬೇಕೆಂದು ನನ್ನ ಗುಮಾನಿ. ನಿಘಂಟುಕಾರರು ಒಪ್ಪಲಿಕ್ಕಿಲ್ಲ.

ಶಬ್ದಕ್ಕೆ ಬಂದೆವಾದ್ದರಿಂದ ಅದನ್ನೇ ಮುಗಿಸಿಬಿಡೋಣ. ಕನ್ನಡದಲ್ಲಿ ತೊಡೆಯ ಬುಡದಿಂದ ಹೆಬ್ಬೆರಳ ತುದಿಯವರೆಗೆ ಎಲ್ಲವೂ ಕಾಲು. ಆದ್ದರಿಂದ ‘ಕಾಲು ಒದ್ದೆಯಾಯಿತು’ ಎಂದವನಿಗೆ ಯಾವ ಎತ್ತರಕ್ಕೆ ಎಂದು ಮರುಪ್ರಶ್ನೆ ಹಾಕಲೇಬೇಕು. ಕಾಲು ಎಂದರೆ ನಾಲ್ಕರಲ್ಲೊಂದು ಭಾಗವೂ ಹೌದು; ಹಾಗಾಗಿ ‘ಕಾಲು ಕಾಲು ಒದ್ದೆ’ ಎಂಬ ವಾಕ್ಯ ವ್ಯಾಕರಣಶುದ್ಧ. ಇದೆಲ್ಲ ಸಣ್ಣ ಸಂಗತಿ. ದೊಡ್ಡದು ಬೇರೆಯಿದೆ: ದ್ರಾವಿಡ ಭಾಷೆಗಳಲ್ಲಿ ‘ಕಾಲ್’ ಎಂದರೆ ನೀರು ಹರಿಯುವ ದಾರಿ ಎಂಬ ಅರ್ಥವೂ ಉಂಟು. ಕಾಲುವೆ ಹುಟ್ಟಿದ್ದು ಅಲ್ಲಿಂದಲೇ. ಅಂದರೆ ಕಾಲಿನ ಮೇಲೆ ನೀರು ಹರಿಯುತ್ತದೆಂಬುದು ನಮ್ಮ ಪೂರ್ವಿಕರಿಗೆ ಸೈಕಲ್ ಬರುವ ಮುಂಚೆಯೇ ತಿಳಿದಿತ್ತು. ಇದನ್ನು ಕಡೆಗಣಿಸಿದ್ದರಿಂದಲೇ ನನ್ನ ಮೊದಲ ಮೂರು ಜೊತೆ ಕಾಲುಚೀಲ ಹಾಳಾದದ್ದು.

ಇನ್ನು ತತ್ತ್ವ. ಒಣಗಿರುವುದೆಂದರೆ ಒದ್ದೆಯ ಅಭಾವ. ಅಭಾವ ನಾಲ್ಕು ಬಗೆ ಎಂದು ನ್ಯಾಯಶಾಸ್ತ್ರ ಹೇಳುತ್ತದೆ. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು: ಮನೆ ಬಿಡುವಾಗ ಕಾಲಿಗಿದ್ದ ಒಣತನ ಇದು, ಮೊದಲ ಹಳ್ಳದಲ್ಲಿ ಮುಗಿಯುತ್ತದೆ. ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಒಮ್ಮೆ ಒಣಗಿದ್ದು ಇನ್ನು ಎಂದೆಂದಿಗೂ ಒಣಗಿಯೇ ಇರುತ್ತದೆ, ಮತ್ತೆ ಮಳೆ ಬರುವ ಮಾತೇ ಇಲ್ಲ ಎಂಬಂತಿರುವ ಈ ಲಕ್ಷಣವನ್ನು ಬರೆದ ತಾರ್ಕಿಕ ರಾಯದುರ್ಗದವನೇ ಇರಬೇಕು. ಅತ್ಯಂತಾಭಾವ ಮೂರು ಕಾಲದಲ್ಲೂ ಇಲ್ಲದಿರುವುದು: ಜೂನ್, ಜುಲೈ, ಆಗಸ್ಟ್. ಕಡೆಯದು ಅನ್ಯೋನ್ಯಾಭಾವ. ಕಾಲು ಬೂಟಲ್ಲ, ಬೂಟು ಕಾಲಲ್ಲ. ಇದು ಎಳೆ ಮಕ್ಕಳಿಗೂ ಗೊತ್ತಿರುವುದು ಎಂದು ಎರಡು ಸಾಲಿನಲ್ಲಿ ಮುಗಿಸಿ ಮುಂದೆ ಹೋದೆ. ಇಡೀ ಪ್ರಬಂಧದ ತಿರುಳು ಅಲ್ಲೇ ಕೂತಿತ್ತೆಂದು ಅಮರಾಪುರದ ಹತ್ತಿರ ಗೊತ್ತಾಯಿತು, ಅಷ್ಟರಲ್ಲಿ ತಡವಾಗಿತ್ತು.

ಪೂರ್ವಸೂರಿಗಳು ಈ ವಿಷಯದಲ್ಲಿ ನಿರಾಶೆಗೊಳಿಸುತ್ತಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿಸಿತಾದರೂ, ಅಷ್ಟೆಲ್ಲ ಹೊಳೆ ದಾಟುವವನ ಕಾಲಿನ ಗತಿಯೇನು ಎಂದು ಕೇಳಲಿಲ್ಲ. ಮಡಕಶಿರಾ ಸೀಮೆಯ ಹೇಮಾವತಿ, ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ಅವರ ನಾಡಿಗೆ ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಹೆಸರು. ಈ 32,000 ಎನ್ನುವುದು ಊರುಗಳ ಲೆಕ್ಕವೋ, ಹುಟ್ಟುವಳಿಯ ಲೆಕ್ಕವೋ ಎಂದು ವಿದ್ವಾಂಸರಲ್ಲಿ ಜಗಳವಿದೆ. ಕಾಲುಚೀಲಗಳ ಲೆಕ್ಕ ಎಂದು ಈವರೆಗೆ ಯಾರೂ ವಾದಿಸಿಲ್ಲ. ನಾನೂ ವಾದಿಸುವುದಿಲ್ಲ, ಸುಮ್ಮನೆ ಸೂಚಿಸುತ್ತೇನೆ. ಶಿಲ್ಪಶಾಸ್ತ್ರ ಮಾತ್ರ ಒಂದು ಗಟ್ಟಿ ಆಧಾರ ಕೊಡುತ್ತದೆ. ನಮ್ಮ ದೊಡ್ಡ ದೇವರುಗಳಲ್ಲಿ ಮೊಣಕಾಲಿನವರೆಗೆ ಬೂಟು ತೊಡುವವನು ಸೂರ್ಯ, ಅದೂ ಉತ್ತರದ ಶಿಲ್ಪಗಳಲ್ಲಿ. ದಕ್ಷಿಣಕ್ಕೆ ಬಂದ ಸೂರ್ಯ ಬರಿಗಾಲಿನವನು. ಮಳೆಗೆ ಎಂದೂ ಸಿಗದ ದೇವರಿಗೆ ಬೂಟು ಕೊಟ್ಟು, ಇಂದ್ರವರುಣರನ್ನು ಬರಿಗಾಲಲ್ಲಿ ನಿಲ್ಲಿಸಿದ ಶಿಲ್ಪಿಯ ವಿವೇಕ ನನಗೆ ಆಗ ಅರ್ಥವಾಗಲಿಲ್ಲ.

ಪಾಶ್ಚಾತ್ಯ ಮತವನ್ನು ಚುಟುಕಾಗಿ ಹೇಳಬಹುದು. ಈ ಸೈಕಲ್ಲಿನ ಹುಚ್ಚು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, 1976ರಲ್ಲಿ ಶುರುವಾದ ರಿಪ್ಯಾಕ್ ಪಂದ್ಯಗಳಿಂದ ಹೊತ್ತಿಕೊಂಡದ್ದು. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ಹಬ್ಬಿನೊಳಗಿನ ಗ್ರೀಸೇ ಸುಟ್ಟು ಹೊಗೆಯಾಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಆ ಹೆಸರು ಅದಕ್ಕೇ. ಹಬ್ ಸುಡುತ್ತಿರುವವನು ಪಾದದ ತಂಪಿನ ಬಗ್ಗೆ ಶಾಸ್ತ್ರ ಬರೆಯುವುದಿಲ್ಲ. ಬರೆದವರು ಆಮೇಲೆ ಬಂದ ಬಟ್ಟೆಯವರು. ಗೋರ್‌ಟೆಕ್ಸ್ ಎಂಬ ಪೊರೆಯ ರಂಧ್ರಗಳು ನೀರಿನ ಹನಿಗಿಂತ ಸಾವಿರಾರು ಪಟ್ಟು ಚಿಕ್ಕವು, ಆವಿಯ ಅಣುವಿಗಿಂತ ನೂರಾರು ಪಟ್ಟು ದೊಡ್ಡವು. ಮಳೆ ಒಳಬಾರದು, ಬೆವರು ಹೊರಹೋಗಬೇಕು. ಆದರೆ ಬೆವರು ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗಿ, ಒಣಗಿ ಇರಬೇಕು. ಸೆಪ್ಟೆಂಬರಿನ ಮಳೆ ನಿಂತ ಗಳಿಗೆಯಲ್ಲಿ ನೆಲವೇ ಇಡ್ಲಿ ಪಾತ್ರೆಯಂತೆ ಉಗಿಯುವಾಗ ಬೆವರು ಬಾಗಿಲ ತನಕ ಬಂದು, ಹೊರಗೆ ನೋಡಿ, ವಾಪಸ್ ಹೋಗುತ್ತದೆ. ಕಾಲುಚೀಲದ ಮೇಲೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳುವ ದೇಸಿ ಪಂಥದ ಕಥೆಯೂ ಇಷ್ಟೇ. ಮಳೆಯಿಂದ ಒದ್ದೆಯಾಗಬೇಕಿದ್ದ ಕಾಲು ಸ್ವಂತ ದುಡಿಮೆಯಿಂದ ಒದ್ದೆಯಾಗುತ್ತದೆ.

ಈಗ ನಮ್ಮ ಎರಡು ಪಂಥಗಳು.

ರಾಯದುರ್ಗ ಪಂಥದ ಮೂಲತತ್ತ್ವ ಮಣ್ಣು. ಬೆಟ್ಟದ ಕೋಟೆಯ ಸುತ್ತ ಬಂಡೆ. ಉತ್ತರಕ್ಕೆ ಬೊಮ್ಮನಹಾಳ್, ಡಿ. ಹಿರೇಹಾಳ್ ಕಡೆ ಹೋದರೆ ಎರೆ ಭೂಮಿ. ಎರೆಯ ಜೇಡಿಯಲ್ಲಿ ಮಾಂಟ್‌ಮೋರಿಲೊನೈಟ್ ಎಂಬ ಖನಿಜವಿದೆ. ಅದು ತನ್ನ ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತದೆ. ಮುಂದಿನ ಚಕ್ರ ಎರಚುವ ನೀರು ಪಾದಕ್ಕೇ ಬಂದು ಬೀಳುತ್ತದೆಂದು ಗ್ರಂಥಗಳಲ್ಲಿ ಓದಿ, ನಾನು ಎರಡೂ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡ್ ಹಾಕಿಸಿಕೊಂಡು ಆ ಕಡೆಗೆ ಹೊರಟೆ. ಇಪ್ಪತ್ತು ಮಾರು ಹೋಗಿರಬಹುದು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರೆ ತುಂಬಿ, ಗಾರೆ ಹಾಕಿ ಕೂರಿಸಿದಂತೆ ಚಕ್ರ ನಿಂತಿತು. ಜಾಲಿಕಡ್ಡಿಯಿಂದ ಕೆದಕಿದೆ, ಮತ್ತೆ ಹತ್ತು ಮಾರು. ಬೂಟಿನ ಅಡಿಗೆ ಮೆತ್ತಿದ ಮಣ್ಣಿನಿಂದ ನನ್ನ ಎತ್ತರ ಮೂರು ಇಂಚು ಏರಿತ್ತು. ಕಡೆಗೆ ಸೈಕಲ್ಲನ್ನು ಹೆಗಲಿಗೇರಿಸಿದೆ. ಎತ್ತಿನ ಜೊತೆ ಬರುತ್ತಿದ್ದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎರಿಯಾಗ ಮಳಿ ಬಂದ್ರ ಎತ್ತೂ ಹೊಲಕ್ಕ ಇಳಿಯಂಗಿಲ್ರಿ” ಎಂದರು. ಚಕ್ರ ತಿರುಗದಿದ್ದರಿಂದ ಪಾದಕ್ಕೆ ಒಂದು ಹನಿಯೂ ಎರಚಲಿಲ್ಲ ಎಂಬುದನ್ನು ದಾಖಲಿಸಬೇಕು. ಮಡ್‌ಗಾರ್ಡ್ ತನ್ನ ಕೆಲಸ ಮಾಡಿತ್ತು.

ಎರಡನೆಯ ತೊಂದರೆ ಪ್ಯಾಂಟಿನದು. ರಾಯದುರ್ಗ ಜೀನ್ಸ್ ಹೊಲಿಯುವ ಊರು. ಓಣಿ ಓಣಿಗೆ ಮಷಿನ್ ಸದ್ದು. ಊರಿನ ಅಭಿಮಾನಕ್ಕೆ ಅಲ್ಲಿನದೇ ಒಂದು ಜೀನ್ಸ್ ತೊಟ್ಟೆ. ಹತ್ತಿಯ ದಪ್ಪ ಬಟ್ಟೆ ಮಳೆಯನ್ನು ತೊಡೆಯ ಮೇಲೆ ಕುಡಿದು, ನೂಲಿನಿಂದ ನೂಲಿಗೆ ದಾಟಿಸಿ, ಕಾಲುಚೀಲದ ಕತ್ತಿನೊಳಕ್ಕೆ ಬಿಡುತ್ತದೆ. ಬೂಟು ಎಷ್ಟೇ ಜಲನಿರೋಧಕವಾಗಿರಲಿ, ಕಾಲು ತೂರಿಸುವ ದೊಡ್ಡದೊಂದು ತೂತು ಅದಕ್ಕೆ ಇದ್ದೇ ಇರುತ್ತದೆ. ನೀರು ಬರುವುದು ಕೆಳಗಿನಿಂದಲ್ಲ, ಮೇಲಿನಿಂದ. ತುಂಗಭದ್ರೆಯ ನೀರನ್ನು ಈ ಕಡೆಗೆ ತರುವ ಎಚ್‌ಎಲ್‌ಸಿ, ಅಂದರೆ ಮೇಲ್ಮಟ್ಟದ ಕಾಲುವೆಯ ತತ್ತ್ವವೂ ಇದೇ ತಾನೆ? ನನ್ನ ಎರಡು ಕಾಲುವೆಗಳಲ್ಲಿ ಒಂದು ವ್ಯತ್ಯಾಸವಿತ್ತು: ಕೊನೆಯ ಭಾಗದ ರೈತರಿಗೆ ನೀರು ತಲುಪಲಿಲ್ಲವೆಂಬ ದೂರು ಬರಲಿಲ್ಲ. ಹೆಬ್ಬೆರಳಿಗೆ ಸಕಾಲಕ್ಕೆ, ಪೂರ್ಣ ಪ್ರಮಾಣದಲ್ಲಿ ತಲುಪಿತು.

ಮಡಕಶಿರಾ ಪಂಥವನ್ನು ವಿವರಿಸುವ ಮುನ್ನ ಒಂದು ಆಡಳಿತಾತ್ಮಕ ಸ್ಪಷ್ಟನೆ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯದು. ಅಂದು ಆದೋನಿ, ಆಲೂರುಗಳೊಡನೆ ಆಂಧ್ರಕ್ಕೆ ಹೋಯಿತು. ನಾನು ಅನಂತಪುರ ಜಿಲ್ಲೆಯೆಂದು ವಿಷಯ ನೋಂದಾಯಿಸಿ ಮಳೆಗೆ ಕಾಯುತ್ತಿರುವಾಗ, 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಸೈಕಲ್ ಸ್ಟ್ಯಾಂಡ್ ಹಾಕಿ ನಿಂತಲ್ಲೇ ಜಿಲ್ಲೆ, ರಾಜ್ಯ ದಾಟುವ ಈ ಸೌಲಭ್ಯ ಬೇರೆಡೆ ಇರುವುದು ಅಪರೂಪ. ತುಳಿದುಕೊಂಡೇ ಹೋಗುವವನಿಗಂತೂ ಪಾವಗಡ, ಶಿರಾ, ಮಧುಗಿರಿಗಳು ಸುತ್ತುವರಿದಿರುವ ಈ ಸೀಮೆಯಲ್ಲಿ ಬೆಳಗಿನಿಂದ ಮಧ್ಯಾಹ್ನದೊಳಗೆ ಎರಡು ಮೂರು ಸಲ ಗಡಿ ತಪ್ಪಿದ್ದಲ್ಲ. ಬಸ್ಸಿನ ಬೋರ್ಡಿನ ಲಿಪಿ ಬದಲಾಗುತ್ತದೆ. ಜನ ಬೈಯುವ ಭಾಷೆ ಬದಲಾಗುವುದಿಲ್ಲ.

ಇಲ್ಲಿಂದಲೇ ಈ ಪ್ರಬಂಧದ ಕಾನೂನು ಭಾಗ. 1892ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದದಂತೆ, ಪಟ್ಟಿಯಲ್ಲಿದ್ದ ನದಿಗಳಿಗೆ ಮೈಸೂರು ಸರ್ಕಾರ ಹೊಸ ಜಲಾಶಯ ಕಟ್ಟಬೇಕಾದರೆ ಕೆಳಗಿನವರ ಒಪ್ಪಿಗೆ ಬೇಕಿತ್ತು. ರಾಯದುರ್ಗದ ಹಗರಿ, ಅಂದರೆ ವೇದಾವತಿ, ಆ ಪಟ್ಟಿಯಲ್ಲಿತ್ತು. ಅದರ ಮೇಲೆ ಹಿರಿಯೂರಿನ ಹತ್ತಿರ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರಕ್ಕೆ 30 ಟಿಎಂಸಿ ಹಿಡಿಯುವ ಹೊಟ್ಟೆ. 1933ರಲ್ಲಿ ತುಂಬಿದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಎಂಬತ್ತೊಂಬತ್ತು ವರ್ಷ ಕೆಳಗಿನ ಹಗರಿಯಲ್ಲಿ ಮರಳೇ ಹರಿಯಿತು ಎಂದರೂ ನಡೆದೀತು. ಕಣೇಕಲ್ ಕಡೆ ಗಾಳಿ ಆ ಮರಳನ್ನು ಎತ್ತಿ ದಿಬ್ಬ ಮಾಡಿದೆ. ಈಗ ನನ್ನ ಬೂಟಿನ ಲೆಕ್ಕ. ಒಂದರಲ್ಲಿ ಕಾಲು ಲೀಟರ್ ನಿಲ್ಲುತ್ತದೆ (ಕಾಲು ತೆಗೆದು ಅಳೆದದ್ದು). ಒಂದು ಟಿಎಂಸಿಗೆ ಸುಮಾರು 11,300 ಕೋಟಿ ಬೂಟು. ಪ್ರಮಾಣ ಸಣ್ಣದಿರಬಹುದು, ತತ್ತ್ವ ಅದೇ: ಮೇಲಿನ ರಾಜ್ಯದಲ್ಲಿ ಬಿದ್ದ ಮಳೆಯನ್ನು ಕೆಳಗಿನ ರಾಜ್ಯದ ಒಪ್ಪಿಗೆಯಿಲ್ಲದೆ ತಡೆದು ನಿಲ್ಲಿಸಿದ, ಎರಡು ಹೊಸ, ಸಂಚಾರಿ ಜಲಾಶಯಗಳು.

ಇವೆರಡನ್ನೂ ಹೊತ್ತುಕೊಂಡು ಅಕ್ಟೋಬರಿನ ಒಂದು ಬೆಳಿಗ್ಗೆ ಹೇಮಾವತಿಯ ದೇವಸ್ಥಾನ ನೋಡಿ ಅಮರಾಪುರದ ದಿಕ್ಕಿಗೆ ಬರುತ್ತಿದ್ದೆ. ರಾತ್ರಿಯೆಲ್ಲ ಹೊಡೆದಿತ್ತು. ಅಡಿಕೆ ತೋಟದ ಪಕ್ಕದ ಹಳ್ಳದಲ್ಲಿ ಮೊಣಕಾಲುದ್ದ ಕೆಂಪು ನೀರು. ದಡದಲ್ಲಿ ಒಬ್ಬ ಹುಡುಗಿ, ಎಂಟೋ ಒಂಬತ್ತೋ ಓದುವವಳು, ಸೈಕಲ್ಲನ್ನು ಬೇಲಿಗೆ ಒರಗಿಸಿ ಬೂಟು ಬಿಚ್ಚುತ್ತಿದ್ದಳು. ಆಂಧ್ರ ಸರ್ಕಾರ 2020ರಿಂದ ಶಾಲೆಯ ಕಿಟ್ಟಿನಲ್ಲಿ ಒಂದು ಜೊತೆ ಬೂಟು, ಎರಡು ಜೊತೆ ಕಾಲುಚೀಲ ಕೊಟ್ಟಿತಲ್ಲ, ಅಂಥದ್ದು. ಸೈಕಲ್ ಅವಳ ಚಿಕ್ಕಮ್ಮನ ಮಗಳದು; ಗಡಿಯ ಆಚೆ ಕರ್ನಾಟಕದ ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ಕೊಟ್ಟದ್ದು. ಕಾಲುಚೀಲ ಬಿಚ್ಚಿ, ಉಂಡೆ ಮಾಡಿ, ಬೂಟಿನೊಳಗೆ ತುರುಕಿದಳು. ಬೂಟೆರಡನ್ನೂ ಮುಖಾಮುಖಿ ಮಲಗಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಹೋಗುವಂತೆ ಒತ್ತಿ, ಹಲ್ಲಿನಲ್ಲಿ ಒಂದು ತುದಿ ಹಿಡಿದು ಗಂಟು ಬಿಗಿದಳು. ಗಂಟು ಪುಸ್ತಕದ ಚೀಲದೊಳಗೆ ಹೋಯಿತು.

ಆಮೇಲೆ ನನ್ನ ಕಾಲು ನೋಡಿದಳು.

“ಯಾಕಣ್ಣ, ಬೂಟ್ ನೆನೆಸ್ಕಂಡಿದ್ದೀಯ?”

ಕಾಲು ನೆನೆಯಬಾರದೆಂದು ಎಂದೆ. ಅವಳಿಗೆ ಅರ್ಥವಾಗಲಿಲ್ಲ. “ಕಾಲಾದ್ರೆ ಒರೆಸ್ಕಂಡ್ರೆ ಆಯ್ತು. ಬೂಟ್ ಒಣಗಾಕೆ ಮೂರು ದಿನ ಬೇಕಲ್ಲಣ್ಣ?”

ಪಾದರಕ್ಷೆ ಎಂಬ ಸಮಾಸವನ್ನು ಈವರೆಗೆ ಎಲ್ಲ ವೈಯಾಕರಣರೂ ಪಾದಕ್ಕೆ ರಕ್ಷೆ ಎಂದೇ ಬಿಡಿಸಿದ್ದಾರೆ. ಪಾದದಿಂದ ರಕ್ಷೆ ಎಂದು ಬಿಡಿಸಿದರೂ ಸಮಾಸ ತಪ್ಪುವುದಿಲ್ಲ. ಮಡಕಶಿರಾ ಪಂಥದ ಸಿದ್ಧಾಂತ ಇದು: ಚರ್ಮದ ಚೀಲದಲ್ಲಿರುವ ಪಾದ ಹುಟ್ಟಿನಿಂದಲೇ ಜಲನಿರೋಧಕ, ಒರೆಸಿದರೆ ಒಣಗುತ್ತದೆ, ಬದಲಿಗೆ ಇನ್ನೊಂದನ್ನು ಕೊಳ್ಳಬೇಕಿಲ್ಲ. ಮಳೆಯಲ್ಲಿ ಪಾದವೇ ಬೂಟನ್ನು ಕಾಯತಕ್ಕದ್ದು. ಸೂರ್ಯನಿಗೆ ಮಾತ್ರ ಬೂಟು ಕೊಟ್ಟ ಶಿಲ್ಪಿ ಹುಚ್ಚನಲ್ಲ.

ಅವಳು ಬರಿಗಾಲಲ್ಲಿ ಹಳ್ಳಕ್ಕಿಳಿದು, ಸೈಕಲ್ಲನ್ನು ತಳ್ಳಿಕೊಂಡು ಆಚೆ ದಡ ಸೇರಿ, ಹತ್ತಿ ತುಳಿಯತೊಡಗಿದಳು. ನಾನೂ ಬೂಟು ಬಿಚ್ಚಿ, ಲೇಸುಗಳನ್ನು ಗಂಟು ಹಾಕಿ ಕೊರಳಿಗೆ ಹಾರದಂತೆ ಹಾಕಿಕೊಂಡು ದಾಟಿದೆ. ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಜೀವ ಹೋಯಿತು. ಬೂಟು ಜಾರದಿರಲೆಂದು ಬೆಟ್ಟದ ಸೈಕಲ್ಲಿನ ಪೆಡಲಿಗೆ ಉಕ್ಕಿನ ಮೊಳೆಗಳಿರುತ್ತವೆ; ಬರಿಗಾಲನ್ನು ಅದು ತುಳಿಯಗೊಡುವುದಿಲ್ಲ. ಇಪ್ಪತ್ತೊಂದು ಗೇರಿನ ಸೈಕಲ್ಲನ್ನು ಪಕ್ಕಕ್ಕೆ ಹಿಡಿದು ನಡೆದೆ. ಮುಂದಿನ ತಿರುವಿನಲ್ಲಿ ಅವಳು ಒಮ್ಮೆ ಹಿಂತಿರುಗಿ ಬೆಲ್ ಹೊಡೆದು ಮರೆಯಾದಳು.

ಮಳೆ ಮತ್ತೆ ಶುರುವಾಯಿತು. ಕೊರಳಲ್ಲಿದ್ದ ಎರಡೂ ಜಲಾಶಯಗಳು ಬಾಯಿ ಮೇಲೆ ಮಾಡಿ ತೂಗುತ್ತಿದ್ದವು. ಗಡಿಕಲ್ಲಿನ ಹತ್ತಿರ ಬರುವ ವೇಳೆಗೆ ಎಡಗಡೆಯದು ತುಂಬಿ, ನಾಲಿಗೆಯ ಮೇಲಿಂದ ತೆಳ್ಳಗೆ ಕೋಡಿ ಬಿತ್ತು. ಬಾಗಿನಕ್ಕೆ ಯಾವ ಮುಖ್ಯಮಂತ್ರಿಯನ್ನು ಕರೆಯಬೇಕೆಂದು ತೋಚದೆ ಅಲ್ಲೇ ಸ್ವಲ್ಪ ಹೊತ್ತು ನಿಂತೆ.