ಖಡ್ಗಕ್ರೀಡೆಯ ಗುಣದೋಷ ವಿಚಾರ

ಕಾವ್ಯದೋಷಗಳನ್ನು ಎಣಿಸಿ ಹೆಸರಿಟ್ಟ ನಮ್ಮ ಆಲಂಕಾರಿಕರು ಪುನರುಕ್ತಿಯನ್ನು ಎಷ್ಟು ನಿಷ್ಠುರವಾಗಿ ಖಂಡಿಸಿದರೋ ಅದಕ್ಕಿಂತ ಒಂದು ಕೈ ಮಿಗಿಲಾಗಿ ಖಂಡಿಸುವ ವಿಮರ್ಶಕನೊಬ್ಬನು 2005ರಲ್ಲಿ ಜಪಾನ್ ದೇಶದಲ್ಲಿ ಅವತರಿಸಿದನೆಂದೂ, ಆತನು ಗ್ರಂಥವನ್ನಾಗಲಿ ಮುನ್ನುಡಿಯನ್ನಾಗಲಿ ಬರೆಯುವ ಗೋಜಿಗೆ ಹೋಗದೆ, ಪ್ಲೇಸ್ಟೇಷನ್ 2 ಎಂಬ ಕರಿಯ ಪೆಟ್ಟಿಗೆಯೊಳಗೆ ಕುಳಿತು, ನಾನು ಖಡ್ಗವನ್ನು ಬೀಸಿದಾಗಲೆಲ್ಲ ಟಿ.ವಿ. ಪರದೆಯ ಬಲಗಡೆಯಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರಗಳಿಂದ ನನ್ನ ಯೋಗ್ಯತೆಯನ್ನು ಸಾರುತ್ತಾನೆಂದೂ ಹೇಳಿದರೆ, ಜೀವಮಾನವನ್ನೆಲ್ಲ ಕಾಲೇಜಿನಲ್ಲಿ ಅಲಂಕಾರಶಾಸ್ತ್ರ ಬೋಧಿಸಿ ನಿವೃತ್ತನಾದವನ ಬುದ್ಧಿ ಹೀಗೇಕಾಯಿತೆಂದು ನನ್ನ ಹಳೆಯ ಶಿಷ್ಯರು ಮರುಗಿಯಾರು. ಮರುಗಲಿ. ಅವರ ಉತ್ತರಪತ್ರಿಕೆಗಳನ್ನು ಓದಿ ನಾನು ಮರುಗಿದ ಋಣ ಈ ಬಗೆಯಲ್ಲಾದರೂ ತೀರಿದಂತಾಯಿತು.

ಆಟದ ಹೆಸರು ‘ಡೆವಿಲ್ ಮೇ ಕ್ರೈ 3’. ಹ್ಯಾಕ್ ಅಂಡ್ ಸ್ಲ್ಯಾಷ್ ಎಂದು ಹುಡುಗರು ಕರೆಯುವ, ಕಡಿಯುವುದೂ ಕೊಚ್ಚುವುದೂ ಬಿಟ್ಟು ಬೇರೆ ವ್ಯವಸಾಯವಿಲ್ಲದ ಆಟಗಳ ಕುಲಕ್ಕೆ ಸೇರಿದ್ದು. ಕ್ಯಾಪ್‌ಕಾಮ್ ಸಂಸ್ಥೆಯವರು ಮಾಡಿದ್ದು. ನಿರ್ದೇಶಕ ಹಿದೆಯಾಕಿ ಇತ್ಸುನೊ. ಇದರ ಅಗ್ರಜನಾದ ಮೊದಲ ಆಟವು 2001ರಲ್ಲಿ ಹಿದೆಕಿ ಕಾಮಿಯಾ ಅವರ ಕೈಯಲ್ಲಿ ಹುಟ್ಟಿತು. ‘ರೆಸಿಡೆಂಟ್ ಈವಿಲ್ 4’ ಆಗಬೇಕೆಂದು ಹೊರಟ ಅದು, ಭಯಾನಕವನ್ನು ಬಿಟ್ಟು ವೀರರಸದ ಕಡೆಗೆ ವಾಲಿ, ಬೇರೆಯ ಹೆಸರನ್ನೇ ಪಡೆಯಿತು. 2003ರ ಎರಡನೆಯದನ್ನು ಅಭಿಮಾನಿಗಳು ನೆನೆಯಲೊಲ್ಲರು. ನಾವೂ ನೆನೆಯುವುದು ಬೇಡ. ಮೂರನೆಯದರ ನಾಯಕನು ದಾಂತೆ, ಅವನ ಅವಳಿ ಅಣ್ಣ ವರ್ಜಿಲ್. ಇಟಲಿಯ ಮಹಾಕವಿಯ ಕಾವ್ಯದಲ್ಲಿ ವರ್ಜಿಲನು ದಾಂತೆಗೆ ದಾರಿ ತೋರಿ ನರಕದರ್ಶನ ಮಾಡಿಸಿದರೆ, ಇಲ್ಲಿಯ ವರ್ಜಿಲನು ತಮ್ಮನ ಮೈಗೇ ಕತ್ತಿಯಿಳಿಸುತ್ತಾನೆ. ತಂದೆ ಅಸುರ, ತಾಯಿ ಮಾನವಿ. ನಗರದ ನಡುವೆ ನೆಲವನ್ನು ಸೀಳಿಕೊಂಡೆದ್ದ ಗೋಪುರವೊಂದನ್ನು ಹತ್ತಿ ಅಣ್ಣನನ್ನು ತಡೆಯಬೇಕು. ಕಥೆ ಇಷ್ಟೆ. ಇದಕ್ಕಿಂತ ಹೆಚ್ಚು ವಿವರಿಸಹೊರಟರೆ ಆಟಕ್ಕೂ ನಷ್ಟ, ನನಗೂ ಗೊಂದಲ.

ಇನ್ನು ಗುಣಗಳು. ಈ ಆಟವು ಶತ್ರುವನ್ನು ಕೊಂದದ್ದಕ್ಕಾಗಿ ಯಾರನ್ನೂ ಮೆಚ್ಚುವುದಿಲ್ಲ; ಹೇಗೆ ಕೊಂದೆಯೆಂದು ಕೇಳುತ್ತದೆ. ಖಡ್ಗದಿಂದ ರಕ್ಕಸನನ್ನು ಮೇಲಕ್ಕೆ ಚಿಮ್ಮಿಸಿ, ಬೀಳಗೊಡದಂತೆ ಜೋಡಿ ಪಿಸ್ತೂಲುಗಳ ಗುಂಡಿನಿಂದ ಅವನನ್ನು ಅಂತರಿಕ್ಷದಲ್ಲಿಯೇ ತಡೆದು, ತಾನೂ ಹಿಂದೆಯೇ ನೆಗೆದು, ನಡುವೆ ಆಯುಧವನ್ನು ಬದಲಿಸಿ, ಬೇರೊಂದು ಬಗೆಯ ಹೊಡೆತದಿಂದ ನೆಲಕ್ಕೆ ಅಪ್ಪಳಿಸಿದವನಿಗೆ ಮೊದಲು ‘ಡಿ’ ಎಂದು ತೋರಿದ ಅಕ್ಷರವು ‘ಸಿ’ಯಾಗಿ, ‘ಬಿ’ಯಾಗಿ, ‘ಎ’ಯನ್ನು ದಾಟಿ ‘ಎಸ್’ ಎಂಬ ಪದವಿಯನ್ನು ಮುಟ್ಟಿ, ಕಡೆಗೆ ಮೂರು ‘ಎಸ್’ಗಳ ಪಟ್ಟಾಭಿಷೇಕದಲ್ಲಿ ಪರ್ಯವಸಾನವಾಗುತ್ತದೆ. ಒಂದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆದವನಿಗೆ ಅಂಕವು ಕುಗ್ಗುತ್ತದೆ. ಏಟು ತಿಂದವನಿಗೆ ಇಳಿಯುತ್ತದೆ. ಸುಮ್ಮನೆ ನಿಂತವನಿಗೆ ಎಣ್ಣೆ ತೀರಿದ ದೀಪದಂತೆ ಆರಿಯೇ ಹೋಗುತ್ತದೆ. ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನೂ ಬೇಡುವ ಇಂಥ ಪರೀಕ್ಷಕನು ನಮ್ಮ ವಿಶ್ವವಿದ್ಯಾಲಯಗಳಲ್ಲಿ ನನ್ನ ಕಾಲದಲ್ಲಂತೂ ಇರಲಿಲ್ಲ.

ನಾನಾದರೋ ಒಂದೇ ಹೊಡೆತದ ಕವಿ. ಶತ್ರುವಿನ ಮೇಲೆ ಗುರಿಯನ್ನು ಲಾಕ್ ಮಾಡಿ, ಮುಂದಕ್ಕೆ ತಳ್ಳಿ, ತ್ರಿಕೋನದ ಬಟನ್ನನ್ನು ಒತ್ತಿದರೆ ದಾಂತೆಯು ಖಡ್ಗವನ್ನು ನೇರ ಚಾಚಿಕೊಂಡು ಮಿಂಚಿನಂತೆ ನುಗ್ಗುವನೆಂಬುದನ್ನು ಅರಿತಂದಿನಿಂದ, ಪ್ರತಿ ಪದ್ಯದಲ್ಲಿಯೂ ಮುಖವನ್ನು ಚಂದ್ರನೆನ್ನುವ ಕವಿಯಂತೆ, ನಾಯಿಗೂ ಅದೇ, ಜೇಡಕ್ಕೂ ಅದೇ, ಕುಡುಗೋಲು ಹಿಡಿದ ಪ್ರೇತಕ್ಕೂ ಅದೇ. ಪಕ್ಕದಲ್ಲಿ ಕೋಡುಬಳೆ ಮೆಲ್ಲುತ್ತ ಕುಳಿತ ನನ್ನ ಸೋದರಳಿಯನು, “ಮಾವ, ಎಷ್ಟು ಸಲ ಅದೇ ಬಟನ್ ಒತ್ತುತ್ತೀರಿ? ಬೇರೆ ಏನಾದರೂ ಟ್ರೈ ಮಾಡಿ,” ಎನ್ನುವನು. ಕಂಟ್ರೋಲರನ್ನು ಕಸಿದುಕೊಂಡು ತಾನೇ ತೋರಿಸಿ, ಎಣ್ಣೆಯ ಜಿಡ್ಡು ಹತ್ತಿದ ಆ ವಸ್ತುವನ್ನು ಹಿಂದಿರುಗಿಸುವನು. ತ್ರಿಕೋನದ ಬಟನ್ನಿನಿಂದ ನನ್ನ ಹೆಬ್ಬೆರಳು ಜಾರುವುದಕ್ಕೆ ವಯಸ್ಸನ್ನು ದೂರುವವರು ಈ ಜಿಡ್ಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಐದನೆಯ ಮಿಷನ್ನಿನಲ್ಲಿ ಬಾಗಿಲು ಕಾಯುವ ಇಬ್ಬರು ಅಸುರ ಸಹೋದರರು ಎದುರಾಗುತ್ತಾರೆ. ಅವರ ಹೆಸರು ಅಗ್ನಿ ಮತ್ತು ರುದ್ರ. ಬೆಳಿಗ್ಗೆ ಮಡಿಯುಟ್ಟು ನಮಕ ಚಮಕಗಳನ್ನು ಪಠಿಸಿದವನು ಸಂಜೆ ಅದೇ ಹೆಸರಿನವನನ್ನು ಕತ್ತಿಯಿಂದ ಕಡಿಯಬೇಕಾದ ಧರ್ಮಸಂಕಟವನ್ನು ವಾಚಕರು ಊಹಿಸಿಕೊಳ್ಳಬೇಕು. ಕೆಂಪಗಿನ ಅಗ್ನಿಯು ಬೆಂಕಿಯನ್ನೂ ನೀಲಿಯ ರುದ್ರನು ಬಿರುಗಾಳಿಯನ್ನೂ ಬೀಸುವರು. ರುದ್ರನು ಮರುತ್ತುಗಳ ತಂದೆಯೆಂದು ವೇದವೇ ಹೇಳುವುದರಿಂದ ಗಾಳಿಯ ಖಾತೆಯನ್ನು ಅವನಿಗೆ ವಹಿಸಿದ ಜಪಾನೀಯರ ಪಾಂಡಿತ್ಯವನ್ನು ಮೆಚ್ಚಿ ನಾನು ಸಮಾಧಾನ ತಂದುಕೊಂಡೆ. ಇಬ್ಬರಿಗೂ ಹೆಗಲ ಮೇಲೆ ತಲೆಯಿಲ್ಲ. ತಲೆಗಳು ಅವರು ಹಿಡಿದ ಖಡ್ಗಗಳ ಹಿಡಿಯ ತುದಿಯಲ್ಲಿವೆ. ಅಲ್ಲಿಂದಲೇ ಮಾತಾಡುತ್ತವೆ, ಅದೂ ಬಿಡುವಿಲ್ಲದೆ. ಬಹುಕಾಲದ ಮೇಲೆ ಅತಿಥಿ ಬಂದನಲ್ಲಾ, ಸತ್ಕಾರ ಹೇಗೆ ಮಾಡುವುದೆಂದು ಒಬ್ಬನು ಕೇಳಿದರೆ ಇನ್ನೊಬ್ಬನಿಗೂ ತಿಳಿಯದು. ಈ ಹರಟೆಯಿಂದ ಬೇಸತ್ತ ದಾಂತೆ ನಿಟ್ಟುಸಿರು ಬಿಟ್ಟರೆ, ನಿಟ್ಟುಸಿರೆಂದರೇನೆಂದು ಒಂದು ತಲೆಯ ಪ್ರಶ್ನೆ. ಇನ್ನೊಂದು ತಲೆ ಭಾಷ್ಯಕ್ಕೆ ತೊಡಗುತ್ತದೆ. ಅದು ಮುಗಿಯುವ ಮೊದಲೇ ನಾಯಕನ ತಾಳ್ಮೆ ಮುಗಿದು ಯುದ್ಧ ಮೊದಲಾಗುತ್ತದೆ. ಆ ಭಾಷ್ಯವನ್ನು ಪೂರ್ತಿ ಕೇಳುವ ಆಸೆ ನನಗಿತ್ತು.

ಈ ಯುದ್ಧದಲ್ಲಿಯೇ ನಾನು ಮೂದಲಿಕೆಯ ಪ್ರಯೋಗಕ್ಕೆ ಕೈಹಾಕಿದ್ದು. ಕಂಟ್ರೋಲರಿನ ನಡುವೆ ಸೆಲೆಕ್ಟ್ ಎಂಬ ಪುಟ್ಟ ಬಟನ್ನಿದೆ. ಅದನ್ನು ಒತ್ತಿದರೆ ದಾಂತೆಯು ಯುದ್ಧವನ್ನು ನಿಲ್ಲಿಸಿ ಎದುರಾಳಿಯನ್ನು ಹೀಯಾಳಿಸುತ್ತಾನೆ, ಹೀಯಾಳಿಸಿದ್ದಕ್ಕೆ ಅಂಕವೂ ಏರುತ್ತದೆ. ಅಗ್ನಿಯ ಬೀಸಿಗೆ ಸರಿಯಾಗಿ ನನ್ನ ಖಡ್ಗವೂ ತಗುಲಿ, ಲೋಹ ಲೋಹಕ್ಕೆ ಬಡಿದು ಕಿಡಿ ಹಾರಿ, ಅವನ ಹೊಡೆತ ವ್ಯರ್ಥವಾಯಿತು. ಮರುಕ್ಷಣವೇ ರುದ್ರನದೂ ಹಾಗೆಯೇ ಆಯಿತು. ಇದು ಹೇಗಾಯಿತೆಂದು ನನಗಂತೂ ತಿಳಿಯದು, ಆದರೆ ಪರದೆಯ ಬಲಗಡೆಯಲ್ಲಿ ನಾನು ಹಿಂದೆಂದೂ ಕಾಣದಿದ್ದ ಮೊದಲ ‘ಎಸ್’ ಬೆಳಗಿತು. ಅಳಿಯನ ಬಾಯಿಯಲ್ಲಿ ಕೋಡುಬಳೆ ನಿಂತಿತು. ಇಂಥ ಮುಹೂರ್ತದಲ್ಲಿ ವಿವೇಕಿಯಾದವನು ಹಿಂದಕ್ಕೆ ಸರಿದು ಉಸಿರು ತೆಗೆದುಕೊಳ್ಳುವನು. ನನ್ನೊಳಗಿನ ರಸಿಕನಾದರೋ ಎಡಗೈಯನ್ನು ತನ್ನ ಸ್ಥಾನದಿಂದ ಬಿಡಿಸಿ, ಕನ್ನಡಕವನ್ನು ಮೇಲೆತ್ತಿ, ಬಗ್ಗಿ ನೋಡಿ, ಸೆಲೆಕ್ಟ್ ಬಟನ್ ಇದೇ ಹೌದೆಂದು ಖಚಿತಪಡಿಸಿಕೊಂಡು, ತೋರುಬೆರಳಿನಿಂದ ಸಾವಧಾನವಾಗಿ ಒತ್ತಿದನು. ಕೆಂಪು ಕೋಟಿನ ನಾಯಕನು ಅಲ್ಲಿಯೇ ನಿಂತು ಹಾವಭಾವಗಳಿಂದ ಕೂಡಿದ ಅಭಿನಯಕ್ಕೆ ತೊಡಗಿದನು. ಆ ಅಭಿನಯದ ನಡುವೆ ಅವನನ್ನು ಎಚ್ಚರಿಸುವ ಉಪಾಯ ನನಗೆ ಕೈಗೂಡಲಿಲ್ಲ. ನೆಗೆಯೆಂದರೆ ನೆಗೆಯನು, ಹೊರಳೆಂದರೆ ಹೊರಳನು. ಎಡದಿಂದ ಬೆಂಕಿ ಬಂತು. ಬಲದಿಂದ ಗಾಳಿ ಬಂತು. ಗಾಳಿ ಬೀಸಿದರೆ ಬೆಂಕಿ ಹೆಚ್ಚುವುದೆಂಬುದು ಅಡುಗೆಯ ಒಲೆ ಊದಿದವರೆಲ್ಲರಿಗೂ ತಿಳಿದದ್ದೇ. ನಾಯಕನು ಗತಪ್ರಾಣನಾದನು. ಒಳಗಿನಿಂದ ನನ್ನ ಹೆಂಡತಿ, “ಏನಂದ್ರೆ, ಯಾರನ್ನು ಬೈತಿದೀರಿ?” ಎಂದು ಕೇಳಿದ್ದರಿಂದ, ಮೂದಲಿಕೆಯನ್ನು ದಾಂತೆಯೊಬ್ಬನೇ ಆಡಲಿಲ್ಲವೆಂದು ನನಗೆ ತಿಳಿಯಿತು.

ಈ ಅಸುರರಲ್ಲಿ ಒಬ್ಬನು ಬಿದ್ದರೆ ಉಳಿದವನು ಸತ್ತವನ ಖಡ್ಗವನ್ನೂ ಕೈಗೆತ್ತಿಕೊಂಡು ಎರಡರಿಂದಲೂ ಬೀಸತೊಡಗುತ್ತಾನೆ. ಆ ರೋಷದ ಮುಂದೆ ನಿಲ್ಲುವುದು ಕಷ್ಟ. ಇಬ್ಬರೂ ಸೋತ ಮೇಲೆ ತಮ್ಮನ್ನು ಜೊತೆಗೆ ಒಯ್ಯೆಂದು ದಾಂತೆಯನ್ನು ಬೇಡುವರು; ಅವನು, ಮಾತಾಡಬಾರದೆಂಬ ಒಂದೇ ಕರಾರಿನ ಮೇಲೆ, ಅವರನ್ನು ಆಯುಧಗಳಾಗಿ ಸ್ವೀಕರಿಸುವನು. ಹೀಗೆ ಅಣ್ಣತಮ್ಮಂದಿರ ಬಾಯಿ ಮುಚ್ಚಿಸಿದವನಿಗೆ ಕಡೆಯಲ್ಲಿ ಸ್ವಂತ ಅಣ್ಣ ಎದುರಾಗುತ್ತಾನೆ. ಸೋತ ವರ್ಜಿಲನು ಪಾತಾಳಕ್ಕೆ ಬೀಳುವಾಗ ದಾಂತೆ ಹಿಡಿಯಲೆಂದು ಕೈ ಚಾಚಿದರೆ, ಅವನು ಆ ಅಂಗೈಯನ್ನು ಕತ್ತಿಯಿಂದ ಗೀರಿ ಹೋಗಿಬಿಡುತ್ತಾನೆ. ನನಗೂ ಒಬ್ಬ ಅಣ್ಣನಿದ್ದ. ತೋಟದ ಬದುವಿನ ವಿಷಯದಲ್ಲಿ ನಿಂತ ಮಾತು ಮತ್ತೆ ಮೊದಲಾಗುವ ಮುನ್ನವೇ ತೀರಿಕೊಂಡ. “ಇದನ್ನು ಸ್ಕಿಪ್ ಮಾಡಬಹುದು ಮಾವ,” ಎಂದು ಅಳಿಯ ಹೇಳಿದ, ನಾನು ಮಾಡಲಿಲ್ಲ. ಅವನೂ ಮತ್ತೆ ಹೇಳಲಿಲ್ಲ.

ದೋಷಗಳಿಗೆ ಬರೋಣ. ಮೊದಲನೆಯದು ಕ್ಯಾಮರಾ. ಅನೇಕ ಕೋಣೆಗಳಲ್ಲಿ ಅದು ತಾನು ಹಿಡಿದ ಮೂಲೆಯನ್ನು ಬಿಟ್ಟು ಕದಲದು. ನಾಯಕನ ಬೆನ್ನು ಕಾಣುವುದು, ಕಂಬ ಕಾಣುವುದು, ಏಟು ಹಾಕಿದವನು ಮಾತ್ರ ಕಾಣಿಸನು. ಎರಡನೆಯದು, ಬಾಗಿಲು ತೆರೆಯಲು ಯಾವುದೋ ವಸ್ತುವನ್ನು ಯಾವುದೋ ಅಂತಸ್ತಿನಿಂದ ತಂದು ಯಾವುದೋ ಗೂಡಿನಲ್ಲಿ ಇಡುವ ಚಾಕರಿ. ವೀರನಿಗೆ ಇದು ತಕ್ಕುದಲ್ಲ. ಮೂರನೆಯದು ಬರಿಯ ಮೋಸ. ಅಮೆರಿಕದ ಮಾರುಕಟ್ಟೆಗೆ ಹೋದ ಮೊದಲ ಪ್ರತಿಗಳಲ್ಲಿ ಜಪಾನಿನ ‘ಹಾರ್ಡ್’ ಎಂಬ ಮಟ್ಟಕ್ಕೇ ‘ನಾರ್ಮಲ್’ ಎಂದು ಹೆಸರಿಟ್ಟಿದ್ದರು. ನಮ್ಮ ಮನೆಗೆ ಬಂದದ್ದು ಅಮೆರಿಕದಿಂದ ತಂದ ಪ್ರತಿ. ಈ ಸಂಗತಿ ತಿಳಿದ ದಿನ ನಾನು ಅಳಿಯನನ್ನು ಎಬ್ಬಿಸಿ ಹೇಳಿದೆ.

ಆದರೆ ಮಹಾದೋಷವೆಂದರೆ ಪುನರುಕ್ತಿಯೇ. ನಾನು ಒಂದು ಹೊಡೆತವನ್ನು ಎರಡನೆಯ ಸಲ ಹೊಡೆದರೆ ಅಂಕ ಕಡಿಯುವ ಈ ವಿಮರ್ಶಕನು, ಇಪ್ಪತ್ತು ಮಿಷನ್ನುಗಳಲ್ಲಿ ಹದಿನೆಂಟನೆಯದಕ್ಕೆ ಬರುವಷ್ಟರಲ್ಲಿ ತನ್ನ ಸರಕು ತೀರಿ, ಹಿಂದೆ ನಾವು ಕೊಂದ ಅಸುರರನ್ನೇ ಮತ್ತೆ ಎದುರಿಗೆ ತಂದು ನಿಲ್ಲಿಸುತ್ತಾನೆ. ಅವರ ನಡುವೆ ಅಗ್ನಿ ರುದ್ರರೂ ಇರುವರು. ಅವರು ನನ್ನ ಬೆನ್ನಿನ ಮೇಲೂ ಖಡ್ಗಗಳಾಗಿ ತೂಗುತ್ತಿದ್ದರು. ಅಗ್ನಿರುದ್ರರಿಂದ ಅಗ್ನಿರುದ್ರರನ್ನು ಕಡಿಯುವಾಗ ಯಾವ ಅಂಕವನ್ನು ಯಾರಿಗೆ ಕೊಡಬೇಕೆಂದು ಪರೀಕ್ಷಕನನ್ನೇ ಕೇಳಬೇಕೆನಿಸಿತು. ನನ್ನ ತರಗತಿಯಲ್ಲಿ ಹೀಗೆ ಬರೆದವನಿಗೆ ನಾನು ‘ಡಿ’ಯನ್ನೂ ಕೊಡುತ್ತಿರಲಿಲ್ಲ.

ಇಷ್ಟಾದರೂ ಇದು ಆಡತಕ್ಕ ಆಟವೆಂಬುದೇ ನನ್ನ ತೀರ್ಪು. ಆಡಬಯಸುವವರು 2006ರ ಸ್ಪೆಷಲ್ ಎಡಿಷನ್ನನ್ನೇ ಹುಡುಕಿಕೊಳ್ಳಬೇಕು. ಅದರಲ್ಲಿ ನಾರ್ಮಲ್ ಎಂಬುದು ನಾರ್ಮಲ್ಲಾಗಿಯೇ ಇದೆ, ವರ್ಜಿಲನಾಗಿ ಆಡುವ ಅವಕಾಶವೂ ಉಂಟು. ಟರ್ಬೊ ಎಂಬ ಇನ್ನೊಂದು ವ್ಯವಸ್ಥೆಯನ್ನೂ ಇಟ್ಟಿದ್ದಾರೆ, ಅದರಿಂದ ಆಟದ ವೇಗ ಶೇಕಡಾ 20ರಷ್ಟು ಹೆಚ್ಚುತ್ತದೆ. ಅರವತ್ತು ದಾಟಿದವರು ಅದನ್ನು ಮುಟ್ಟತಕ್ಕದ್ದಲ್ಲ.